ಬದುಕಿದ್ದವರ ಚಿತ್ರ ಬರೆದ ಪೇಂಟರು

ಕಳೆದ ತಿಂಗಳು ರಾಮದುರ್ಗಕ್ಕೆ ಹೋಗಿ ಬಂದೆ. ಪೇಂಟರು ತೀರಿಕೊಂಡು ಹದಿನೈದು ದಿನವಾಗಿತ್ತು. ಸುದ್ದಿ ನನಗೆ ತಡವಾಗಿ ಮುಟ್ಟಿತ್ತು. ಅವರ ಮನೆಯ ಪಡಸಾಲೆಯಲ್ಲಿ ಒಂದು ಫೋಟೋ ಇಟ್ಟಿದ್ದರು. ಯಾವುದೋ ಗುರುತಿನ ಚೀಟಿಯಿಂದ ತೆಗೆದು ದೊಡ್ಡದು ಮಾಡಿಸಿದ್ದು. ಚೆಂಡುಹೂವಿನ ಹಾರ, ಹಣೆಗೆ ಕುಂಕುಮ, ಮುಂದೆ ಊದಿನಕಡ್ಡಿ. ಮಾತಾಡಿಸಲು ಹೋದವನು ಸಿಟ್ಟಾಗಬಾರದು, ಗೊತ್ತು. ಆದರೂ ನನಗೆ ಕೂತಲ್ಲೇ ಸಿಟ್ಟು ಬಂತು. ಹಾರ, ಕುಂಕುಮದ ವಿರುದ್ಧ ಜೀವಮಾನವಿಡೀ ಜಗಳಾಡಿದ ಮನುಷ್ಯ ಅವರು. ಈಗ ಬೇಡ ಅನ್ನಲು ಅವರಿಗೆ ಬಾಯಿಲ್ಲ ಎಂದು ಎಲ್ಲರೂ ಸೇರಿ ಹಾಕಿಬಿಟ್ಟಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಕಾರ್ಖಾನೆಯವರಿಗೆಲ್ಲ ಅವರು ಪೇಂಟರ್ ಕಾಕಾ. ಅವರ ಪೂರ್ತಿ ಹೆಸರು ಇದ್ದದ್ದು ನನ್ನ ಹಾಜರಿ ಪುಸ್ತಕದಲ್ಲಿ ಮಾತ್ರ, ಮತ್ತು ಆ ಪುಸ್ತಕದ ಮೇಲೆ ನನಗೀಗ ಮರ್ಯಾದೆ ಉಳಿದಿಲ್ಲ. ನಾನು ಬೈಲಹೊಂಗಲದವನು. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಮೂರೂ ಪಾಳಿಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವುದು ನನ್ನ ಕೆಲಸ. ಕಾರ್ಖಾನೆಯ ಹೆಸರೂ ಬೇಡ.

ತೊಂಬತ್ತರ ದಶಕದ ಮೊದಲಿಗೆ ಅವರು ನಮ್ಮಲ್ಲಿ ದಿನಗೂಲಿ ಪೇಂಟರಾಗಿ ಸೇರಿದರು. ಉಗಿಯ ಪೈಪುಗಳಿಗೆ ಬೆಳ್ಳಿ ಬಣ್ಣ ಹಚ್ಚುವುದು, ಟ್ಯಾಂಕುಗಳಿಗೆ ರೆಡ್ ಆಕ್ಸೈಡ್ ಬಳಿಯುವುದು, ಮೋಟಾರುಗಳ ಮೇಲೆ ನಂಬರು ಹಾಕುವುದು, ಕಂಡ ಕಂಡಲ್ಲಿ 'ಅಪಾಯ' ಎಂದು ಬರೆಯುವುದು. ಒಮ್ಮೆ ಆಫೀಸಿನ ದೊಡ್ಡ ಸಾಹೇಬರ ಕೋಣೆಯ ಬಾಗಿಲಿಗೆ ಬೋರ್ಡು ಬರೆಯಲು ಹೋದಾಗ, "ಇಲ್ಲೂ ಅಪಾಯ ಅಂತ ಬರೀಲ್ಯಾ?" ಎಂದು ಕೇಳಿ ಒಂದು ವಾರ ಕೆಲಸ ಕಳೆದುಕೊಂಡಿದ್ದರು. ಬಾಯಿ ಅಂಥದು. ಕುಳ್ಳ ಆಳು, ತಲೆಗೊಂದು ಹಳೆಯ ಟವೆಲ್ಲು, ಕಿವಿಯ ಹಿಂದೆ ಬೀಡಿಯ ಬದಲು ಸಣ್ಣದೊಂದು ಬ್ರಷ್ಷು.

ಕಾರ್ಖಾನೆಗೆ ಬರುವ ಮೊದಲು ಅವರು ಸತ್ತವರ ಚಿತ್ರ ಬರೆದು ಬದುಕುತ್ತಿದ್ದವರು. ನಮ್ಮ ಕಡೆ ಗೋಡೆಯ ಮೇಲೆ ಚಿತ್ರ ಏರಬೇಕಾದರೆ ಮನುಷ್ಯ ಸತ್ತಿರಬೇಕು. ತೀರಿಹೋದ ಹಿರಿಯರ ಬೆರಳಗಲದ ಫೋಟೋ ಕೊಟ್ಟರೆ, ಪೇಂಟರು ಅದನ್ನು ನೋಡಿ ಕಾಲುಗಜದ ಮುಖ ಬರೆದು ಕೊಡಬೇಕು. ರುಮಾಲು ಇಲ್ಲದಿದ್ದವನಿಗೆ ರುಮಾಲು, ಮೈತುಂಬ ಬಂಗಾರ ಕಾಣದ ಅಜ್ಜಿಗೆ ಬೋರಮಾಳ ಸರ. ದೊಡವಾಡದ ಕಡೆಯ ಒಂದು ಹಳ್ಳಿಯಲ್ಲಿ ದೊಡ್ಡ ಮನೆತನದ ಯಜಮಾನರೊಬ್ಬರ ಚಿತ್ರ ಬರೆಯಲು ಹೋಗಿದ್ದರಂತೆ. ಮೂರು ದಿನ ಹೊರಗಿನ ಕಟ್ಟೆಯ ಮೇಲೇ ಕೂಡ್ರಿಸಿದರು. ನೀರನ್ನು ಮೇಲಿನಿಂದ ಬೊಗಸೆಗೆ ಹಾಕಿದರು. ಚಿತ್ರ ಮುಗಿದ ಮೇಲೆ ಇಡೀ ಮನೆ ಕುಣಿಯಿತು, ಮೊಳೆ ಹೊಡೆದು ನಡುಮನೆಯಲ್ಲಿ ತೂಗು ಹಾಕಿದರು. ಅದು ಸರಿಯಾಗಿ ಕೂತಿದೆಯೇ ಎಂದು ನೋಡಲು ಇವರನ್ನು ಮಾತ್ರ ಒಳಗೆ ಬಿಡಲಿಲ್ಲ.

"ನಾ ಬರದ ಮಾರಿ ಒಳಗ ಹೋತ್ರಿ, ನನ್ನ ಮಾರಿ ಹೊರಗ ಉಳೀತು," ಎಂದು ಅವರು ಇದನ್ನು ನಗುತ್ತಲೇ ಹೇಳುತ್ತಿದ್ದರು. "ಆವತ್ತ ಆಣಿ ಮಾಡಿದೆ. ಇನ್ನ ಸತ್ತವರದು ಸಾಕು. ಜೀವಂತ ಅದಾರಲ್ಲ, ದುಡದ ದುಡದ ಕರ್ರಗಾದವರು, ಅವರದ ಬರೀತೇನಿ."

ಅದೇ ಅವರ ಹುಚ್ಚು. ಪಾಳಿ ಮುಗಿದ ಮೇಲೆ ಅವರು ಮನೆಗೆ ಹೋಗುತ್ತಿರಲಿಲ್ಲ. ಹಳೆಯ ಬ್ಯಾರಲ್ಲುಗಳನ್ನು ಕತ್ತರಿಸಿ ಬಡಿದು ಸಪಾಟು ಮಾಡಿದ ತಗಡು, ಡಬ್ಬಿಗಳ ತಳದಲ್ಲಿ ಉಳಿದ ಬಣ್ಣ, ಇವೆರಡೇ ಅವರ ಸಾಮಾನು. ಬಣ್ಣ ಕದಿಯುತ್ತಾನೆ ಎಂದು ಯಾರಾದರೂ ಅಂದಾರು ಎಂದು, ಬಿಸಾಡಬೇಕಾದ ಆ ಡಬ್ಬಿಗೂ ಸ್ಟೋರಿನವರಿಂದ ಚೀಟಿ ಬರೆಸಿಕೊಳ್ಳುತ್ತಿದ್ದರು. ಕ್ಯಾನ್ವಾಸು ಯಾಕೆ ಬೇಡ ಎಂದು ಒಮ್ಮೆ ಕೇಳಿದೆ. "ಬಾಯ್ಲರ್ ಮುಂದ ಅರ್ಧಾ ತಾಸ ಇಟ್ಟ ನೋಡ್ರಿ, ಹಪ್ಪಳಾ ಆಗತೈತಿ. ಈ ಮಂದಿ ಅಲ್ಲೇ ಎಂಟ ತಾಸ ನಿಂದರತಾರ. ಅವರ ಚಿತ್ರಾನೂ ಅಷ್ಟ ಗಟ್ಟಿ ಇರಬೇಕಲ್ಲ?"

ಅವರದೊಂದು ನಿಯಮವಿತ್ತು. ಫೋಟೋ ನೋಡಿ ಬರೆಯುವುದಿಲ್ಲ, ನೆನಪಿನಿಂದ ಬರೆಯುವುದಿಲ್ಲ. ಆಳು ತನ್ನ ಮಶೀನಿನ ಮುಂದೆಯೇ ಇರಬೇಕು, ಕೆಲಸ ನಡೆದಿರಬೇಕು. ಚಿತ್ರ ಬರೆಸಿಕೊಳ್ಳುವ ಆಸೆಗೆ ಇಸ್ತ್ರಿ ಅಂಗಿ ಹಾಕಿ, ತಲೆಗೆ ಎಣ್ಣೆ ಸುರುವಿಕೊಂಡು ಬಂದವರನ್ನು, "ಮದವಿಗೆ ಹೊಂಟೀ ಏನ ತಮ್ಮಾ? ಹೋಗು, ಗ್ರೀಸಿನ ಅಂಗಿ ಹಾಕ್ಕೊಂಡ ಬಾ," ಎಂದು ತಿರುಗಿ ಕಳಿಸುತ್ತಿದ್ದರು. ಗಾಣದ ಮನೆಯಲ್ಲಿ ಸದ್ದಿಗೆ ಕಿವಿ ತೂತು ಬೀಳುತ್ತದೆ, ಕಬ್ಬಿನ ಸಿಪ್ಪೆಯ ಧೂಳು ಮೂಗು ತುಂಬುತ್ತದೆ. ಅಲ್ಲಿ ಒಂದು ಉಲ್ಟಾ ಬಕೆಟ್ಟಿನ ಮೇಲೆ ಕುಂತು, ಓಡಾಡುವ ಮನುಷ್ಯನ ಮುಖವನ್ನು ಚೂರು ಚೂರಾಗಿ ಹಿಡಿಯುತ್ತಿದ್ದರು. ಅವನು ವಾಲ್ವು ತಿರುಗಿಸಲು ಹೋದರೆ ಇವರು ಕಾಯುತ್ತಿದ್ದರು, ಬಂದರೆ ಎರಡು ಗೆರೆ ಎಳೆಯುತ್ತಿದ್ದರು. ಹೀಗಾಗಿ ಒಂದು ಮುಖಕ್ಕೆ ಒಂದೊಂದು ವಾರ ಹಿಡಿಯುತ್ತಿತ್ತು.

ಮೊದಲಿಗೆ ಯಾರೂ ಒಪ್ಪಿರಲಿಲ್ಲ. "ನಾ ಇನ್ನೂ ಸತ್ತಿಲ್ರಿ ಕಾಕಾ" ಎಂದು ನಕ್ಕು ತಪ್ಪಿಸಿಕೊಳ್ಳುತ್ತಿದ್ದರು. ಕಡೆಗೆ ಧೈರ್ಯ ಮಾಡಿದವನು ಬಾಯ್ಲರಿಗೆ ಬೆಂಕಿ ಹಾಕುವ ಫೈರ್‌ಮನ್, ಕಿತ್ತೂರಿನ ಹತ್ತಿರದ ಹಳ್ಳಿಯವನು. ಬೆಂಕಿಯ ಬಾಯಿಯ ಮುಂದೆ ಅರ್ಧ ಮುಖ ಕೆಂಪು, ಅರ್ಧ ಮುಖ ಕಪ್ಪು, ಹುಬ್ಬಿಲ್ಲದ ಕಣ್ಣು. ಆ ಹುಬ್ಬು ಬಾಯ್ಲರಿಗೇ ಸುಟ್ಟದ್ದು. ಅವನು ಖುಷಿಯಿಂದ ತಗಡನ್ನು ಮನೆಗೆ ಒಯ್ದು, ಗೋಡೆಗೆ ಆನಿಸಿಟ್ಟು, ರಾತ್ರಿ ಪಾಳಿಗೆ ಬಂದುಬಿಟ್ಟ. ಬೆಳಿಗ್ಗೆ ಎದ್ದ ಅವನ ಅಜ್ಜಿಗೆ ಕಣ್ಣು ಮಂಜು. ಮೊಮ್ಮಗನ ಚಿತ್ರ ಗೋಡೆಗಿದೆ, ಮೊಮ್ಮಗ ಹಾಸಿಗೆಯಲ್ಲಿಲ್ಲ. ಕಾರ್ಖಾನೆಯಲ್ಲಿ ಏನೋ ಆಗಿಹೋಗಿದೆ, ತನ್ನಿಂದ ಮುಚ್ಚಿಟ್ಟಿದ್ದಾರೆ ಎಂದುಕೊಂಡು ಚಿತ್ರಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ಎದೆ ಬಡಿದುಕೊಂಡು ಅತ್ತಳು. ಓಣಿ ಸೇರಿತು. ಯಾರೋ ಪುಣ್ಯಾತ್ಮ ಸವದತ್ತಿಯ ಬೀಗರಿಗೆ ಫೋನು ಹಚ್ಚಿಬಿಟ್ಟ. ಮಧ್ಯಾಹ್ನ ಒಂದು ಟೆಂಪೋ ತುಂಬ ಜನ ಗೋಳಾಡುತ್ತ ಬಂದು ಇಳಿದರೆ, ಫೈರ್‌ಮನ್ ಕಟ್ಟೆಯ ಮೇಲೆ ಕುಂತು ರೊಟ್ಟಿ, ಝುಣಕ ತಿನ್ನುತ್ತಿದ್ದ.

ನಾವೆಲ್ಲ ವಾರಗಟ್ಟಲೆ ಹೊಟ್ಟೆ ಹಿಡಿದು ನಕ್ಕೆವು. ಪೇಂಟರು ನಗಲಿಲ್ಲ. ಮರುದಿನ ಬಸ್ಸು ಹತ್ತಿ ಆ ಹಳ್ಳಿಗೆ ಹೋದರು. ತಗಡಿನ ಮೇಲಿನ ಕುಂಕುಮವನ್ನು ಸೀಮೆಎಣ್ಣೆಯ ಅರಿವೆಯಿಂದ ಒರೆಸಿದರು. ಅಲ್ಲಿಂದ ಎತ್ತಿ ತಲಬಾಗಿಲಿನ ಪಕ್ಕ ಹೊರಗೋಡೆಗೆ ಮೊಳೆ ಹೊಡೆದರು.

"ಯವ್ವಾ, ಸತ್ತವರು ಜಗಲಿ ಮ್ಯಾಲ ಇರಲಿ. ದುಡ್ಯಾಂವ ಬಾಗಲದಾಗ ಇರಬೇಕು. ಹೋಗಬರಾವ್ರು ನೋಡಲಿ," ಎಂದು ಅಜ್ಜಿಗೆ ಹೇಳಿದರಂತೆ.

ಅಜ್ಜಿ ಇವರನ್ನು ಒಳಗೆ ಕರೆದು ಚಹ ಕೊಟ್ಟಳು ಎಂಬುದನ್ನು ಅವರು ನನಗೆ ನಾಲ್ಕೈದು ಸಲ ಹೇಳಿದ್ದಾರೆ. ಅದಾದ ಮೇಲೆ ಕಾರ್ಖಾನೆಯಲ್ಲಿ ಸಾಲು ಹಚ್ಚಿ ನಿಂತರು. ಫಿಟ್ಟರು, ವೆಲ್ಡರು, ಸಕ್ಕರೆ ಕುದಿಸುವ ಪ್ಯಾನ್‌ಮನ್ನು, ಬೂದಿ ಎಳೆಯುವವರು, ಎಲ್ಲರ ಮನೆಯ ಬಾಗಿಲಿಗೂ ಒಂದೊಂದು ತಗಡು. ಬೈಲಹೊಂಗಲದ ಎರಡು ಓಣಿಗಳಲ್ಲಿ ಆಗ ಯಾರ ಮನೆ ಯಾವುದು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ನನ್ನ ಚಿತ್ರ ಮಾತ್ರ ಬರೆಯಲಿಲ್ಲ. ಒಂದೆರಡು ಸಲ ಹಲ್ಲು ಗಿಂಜಿ ಕೇಳಿದ್ದೆ. "ನೀವು ಕುಂತಲ್ಲೇ ಕುಂದರತೀರಿ ಬಾಬೂರ. ಕುಂತವರದ ಬರ್ಯಾಕ ಫೋಟೋ ಸ್ಟುಡಿಯೋ ಅದಾವ," ಅಂದಿದ್ದರು.

ಇಂಥವರನ್ನು ಸಾಹೇಬರು ಯಾಕೆ ಇಟ್ಟುಕೊಂಡರೋ ಎಂದು ನೀವು ಕೇಳಬಹುದು. ಕೆಲಸ ಚೊಕ್ಕಟವಿತ್ತು, ಕೂಲಿ ಕಡಿಮೆ ಇತ್ತು, ಅಷ್ಟೇ. ಹತ್ತು ವರ್ಷ ದುಡಿದರೂ ಅವರು ದಿನಗೂಲಿಯೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರ್ಖಾನೆಗೆ ಹೊಸ ಆಫೀಸು ಕಟ್ಟಿಸಿದರು. ಬಾಗಿಲು ದಾಟಿದ ಕೂಡಲೇ ಕಾಣುವ ದೊಡ್ಡ ಗೋಡೆಯ ಮೇಲೆ 'ನಮ್ಮ ಕಾರ್ಮಿಕ ಬಂಧುಗಳು' ಎಂದು ಒಂದು ಚಿತ್ರವಾಗಬೇಕೆಂದು ದೊಡ್ಡ ಸಾಹೇಬರೇ ಹೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಹೆಗಲಿಗೆ ಸುತ್ತಿಗೆ ಹೊತ್ತ, ಹಿಂದೆ ಸೂರ್ಯ ಹುಟ್ಟುತ್ತಿರುವ ಯಾವನೋ ಒಬ್ಬ ಮೈಕಟ್ಟಿನ ಆಳು. ಪೇಂಟರು ಬರೆದದ್ದು ನಮ್ಮ ಹನ್ನೆರಡು ಜನರನ್ನು, ಅವರವರ ಮಶೀನಿನ ಮುಂದೆ, ಅವರವರ ಮುಖದಲ್ಲಿ. ಗಾಣದ ಮನೆಯಲ್ಲಿ ಕುಂತು ಕಾಗದದ ಮೇಲೆ ಎತ್ತಿಕೊಳ್ಳುವುದು, ಬಂದು ಗೋಡೆಗೆ ಇಳಿಸುವುದು. ಕಬ್ಬು ಅರೆಯುವ ಆ ಹಂಗಾಮಿನ ಬಹುಭಾಗ ಇದೇ ಆಯಿತು.

ಹನ್ನೆರಡನೆಯವನು ಕೇನ್ ಕ್ಯಾರಿಯರಿನವನು. ಕಬ್ಬನ್ನು ಗಾಣಕ್ಕೆ ಒಯ್ಯುವ ಕಬ್ಬಿಣದ ಸರಪಳಿಯ ದಾರಿಗೆ ಕ್ಯಾರಿಯರ್ ಅನ್ನುತ್ತಾರೆ. ಅಲ್ಲಿ ಅಡ್ಡ ಸಿಕ್ಕ ಕಬ್ಬನ್ನು ಕೊಕ್ಕೆಯಿಂದ ಸರಿಪಡಿಸುವುದು ಅವನ ಕೆಲಸ. ಸವದತ್ತಿ ಕಡೆಯವನು, ಹಂಗಾಮಿಗಷ್ಟೇ ಬರುವ ಆಳು, ಮೂವತ್ತರ ಆಸುಪಾಸು, ಎರಡು ಮಕ್ಕಳ ತಂದೆ. ಅವನ ಚಿತ್ರ ಗೋಡೆಗೆ ಇಳಿದ ಹದಿನೈದು ದಿನಕ್ಕೆ ಹಗಲು ಪಾಳಿಯಲ್ಲಿ ಆ ಸರಪಳಿ ಅವನ ಬಲಗೈ ಎಳೆದುಕೊಂಡಿತು. ಜೀವ ಉಳಿಯಿತು. ಕೈ ಮೊಣಕೈಯ ಮೇಲಿನತನಕ ಹೋಯಿತು.

ಮರುದಿನ ದೊಡ್ಡ ಸಾಹೇಬರು ನನ್ನನ್ನು ಕರೆದರು. ಅವನು ನಮ್ಮ ಆಳೇ ಅಲ್ಲ, ಕಬ್ಬಿನ ಗಾಡಿಯವರ ಸಂಗಡ ಬಂದವನು, ಕುಡಿದು ಒಳಗೆ ಹೊಕ್ಕು ಸರಪಳಿಗೆ ಕೈ ಕೊಟ್ಟ ಎಂದು ಕಾಗದ ತಯಾರಾಗಿತ್ತು. ಹಾಜರಿ ಪುಸ್ತಕ ಅದಕ್ಕೆ ಹೊಂದಬೇಕಿತ್ತು. ನಾನು ಆ ಹಂಗಾಮಿನ ಪುಸ್ತಕವನ್ನು ಹೊಸದಾಗಿ ಬರೆದೆ. ಎಲ್ಲರ ಹೆಸರನ್ನೂ ಬರೆದೆ, ಅವನದೊಂದನ್ನು ಬಿಟ್ಟೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ನೌಕರಿಯ ಹೆದರಿಕೆ ಇತ್ತು, ಬರೆದೆ. ನನ್ನ ಅಕ್ಷರ ಯಾವಾಗಲೂ ಮುದ್ದಾಗಿರುತ್ತಿತ್ತು, ಆವತ್ತೂ ಮುದ್ದಾಗಿಯೇ ಬಂತು.

ಪೇಂಟರಿಗೆ ಇದು ಗೊತ್ತಾಯಿತು. ಟೈಮ್ ಆಫೀಸಿನ ಕಿಟಕಿಗೆ ಬಂದು ಸಹಿ ಮಾಡುವಾಗ ನನ್ನ ಮುಖ ನೋಡುವುದನ್ನು ಬಿಟ್ಟರು.

ಕೈ ಕಳೆದುಕೊಂಡವನು ಪರಿಹಾರಕ್ಕಾಗಿ ಬೆಳಗಾವಿಯ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟ. ವಿಚಾರಣೆಗೆ ಕಾರ್ಮಿಕ ಅಧಿಕಾರಿ ಬರುತ್ತಾರೆಂದು ಗೊತ್ತಾದಾಗ ಮಳೆಗಾಲ ಹಿಡಿದಿತ್ತು. ಆಗ ಯಾರಿಗೋ ಗೋಡೆ ನೆನಪಾಯಿತು. ಪುಸ್ತಕದಲ್ಲಿ ಇಲ್ಲದ ಆಳು ಗೋಡೆಯ ಮೇಲೆ ಎರಡೂ ಕೈಯಿಂದ ಕೊಕ್ಕೆ ಹಿಡಿದು ನಿಂತಿದ್ದಾನೆ! ದೊಡ್ಡ ಸಾಹೇಬರು ಪೇಂಟರನ್ನು ಕರೆದು ಕುರ್ಚಿಯ ಮೇಲೆ ಕೂಡ್ರಿಸಿದರು. ಅವರನ್ನು ಆ ಕೋಣೆಯಲ್ಲಿ ಕೂಡ್ರಿಸಿದ್ದು ಅದೇ ಮೊದಲು. ಚಿತ್ರ ಅಳಿಸುವುದು ಬೇಡ, ಆ ಮುಖವೊಂದನ್ನು ತಿದ್ದಿದರೆ ಸಾಕು, ಎರಡು ದಪ್ಪ ಮೀಸೆ, ಮೂಗು ಸ್ವಲ್ಪ ಮೋಟು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೇಜಿನ ಮೇಲೆ ಪೇಂಟರ ಕೆಲಸ ಕಾಯಂ ಮಾಡುವ ಆರ್ಡರು ಟೈಪಾಗಿ ಕುಂತಿತ್ತು, ಸಹಿಯೊಂದು ಬಾಕಿ. ಕಾಗದಗಳನ್ನು ತಂದುಕೊಟ್ಟ ನಾನು ಅಲ್ಲೇ ನಿಂತಿದ್ದೆ.

"ಮೀಸಿ ಹಚ್ಚತೇನ್ರಿ ಸಾಹೇಬ್ರ," ಅಂದರು ಪೇಂಟರು. "ಅಂವಗ ಮೊದಲ ಕೈ ಹಚ್ಚಿ ಕೊಡ್ರಿ, ಆಮ್ಯಾಲ ನಾ ಮೀಸಿ ಹಚ್ಚತೇನಿ."

ಎದ್ದು ಹೊರಗೆ ನಡೆದರು. ಆರ್ಡರಿನ ಕಡೆ ತಿರುಗಿಯೂ ನೋಡಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದ ಮನುಷ್ಯ ಅವರು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಫೈರ್‌ಮನ್ ಓಡಿಬಂದ. ನಾಳೆ ಬೆಳಿಗ್ಗೆ ಆ ಗೋಡೆಗೆ ಸುಣ್ಣ ಬಳಿಯುವವರು ಬರುತ್ತಾರಂತೆ ಎಂಬ ಸುದ್ದಿ ಅವನಿಗೆ ಸಿಕ್ಕಿತ್ತು. ಅವನ ಹಿಂದೆ ಹತ್ತು ಹದಿನೈದು ಜನ, ಕೈಯಲ್ಲಿ ಹಾರ, ತೆಂಗಿನಕಾಯಿ, ಕುಂಕುಮದ ಪೊಟ್ಟಣ.

"ಕಾಕಾ, ಅವನ ಚಿತ್ರಕ್ಕ ಹಾರಾ ಹಾಕಿ ಕಾಯಿ ಒಡದ ಬಿಡೂಣು. ಪೂಜಿ ಆದ ಗ್ವಾಡಿಗೆ ಯಾ ಮಗಾ ಸುಣ್ಣಾ ಬಳೀತಾನ ನೋಡೂಣು."

ಉಪಾಯ ಗಟ್ಟಿಯಾಗಿಯೇ ಇತ್ತು. ನಮ್ಮ ಜನ ಪೂಜೆಯಾದ ಕಲ್ಲನ್ನೂ ದಾಟುವುದಿಲ್ಲ. ದೊಡ್ಡ ಸಾಹೇಬರೇ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಚಿತ್ರ ಉಳಿಯುತ್ತಿತ್ತು, ಬಹುಶಃ ಪೇಂಟರ ಕೆಲಸವೂ. ನಾನು ಕಿಟಕಿಯಲ್ಲಿ ನಿಂತು, ಒಪ್ಪಿಕೊಳ್ಳಲಿ ದೇವರೇ ಎಂದು ಬೇಡಿಕೊಂಡೆ. ಅದು ಅವರಿಗಾಗಿ ಅಲ್ಲ, ನನಗಾಗಿ. ದೇವರೇ ಅಡ್ಡ ನಿಂತರೆ ನಾನು ಬಾಯಿ ಬಿಡುವ ಅಗತ್ಯ ಬೀಳುತ್ತಿರಲಿಲ್ಲ.

ಪೇಂಟರು ಕುಂಕುಮದ ಪೊಟ್ಟಣ ಇಸಿದುಕೊಂಡು ಗಟಾರಕ್ಕೆ ಚೆಲ್ಲಿದರು.

"ಹುಚ್ಚರಾದ್ರೇನು? ಕುಂಕಮಾ ಹಚ್ಚಿದ್ರ ಚಿತ್ರ ಉಳೀತೈತಿ, ಮನಿಷ್ಯಾ ಸಾಯತಾನ. ಅಂವ ನಾಳೆ ಇಲ್ಲಿ ಬರಾಂವ ಅದಾನ, ತನ್ನ ಕಾಲ ಮ್ಯಾಲ ನಡಕೋತ. ಬಂದ ತನ್ನ ಮಾರಿಗೆ ಹಾರಾ ನೋಡಬೇಕೇನು? ಸಾಹೇಬ್ರೂ ಅವನ್ನ ಇಲ್ಲ ಅಂತಾರ, ನೀವೂ ಇಲ್ಲ ಅಂತೀರಿ?"

ಜನ ತಲೆ ತಗ್ಗಿಸಿ ಹೋದರು. ತೆಂಗಿನಕಾಯಿಯನ್ನು ಮಾತ್ರ ಕ್ಯಾಂಟೀನಿಗೆ ಕೊಟ್ಟರು.

ಮರುದಿನ ಎಂಟರ ಪಾಳಿಯ ಭೋಂಗಾ ಕೂಗುವ ಹೊತ್ತಿಗೆ ಪೇಂಟರು ಆ ಗೋಡೆಗೆ ಬೆನ್ನು ಹಚ್ಚಿ, ಕ್ಯಾರಿಯರಿನವನ ಚಿತ್ರದ ಮುಂದೆ ನಿಂತಿದ್ದರು. ಸುಣ್ಣದವರಿಬ್ಬರು ಬಂದರು. ಇವರನ್ನು ಬಲ್ಲವರೇ. ಬಕೆಟ್ಟು ಕೆಳಗಿಟ್ಟು ಸುಮ್ಮನೆ ನಿಂತರು. ಒಂಬತ್ತಾಯಿತು, ಹತ್ತಾಯಿತು. ಅಧಿಕಾರಿಯ ಜೀಪು ಗೇಟಿಗೆ ಬಂದಿದೆ ಎಂದು ಫೋನು ಬಂದಾಗ ದೊಡ್ಡ ಸಾಹೇಬರ ತಾಳ್ಮೆ ಹರಿಯಿತು. ಬ್ರಷ್ಷನ್ನು ತಾವೇ ಎತ್ತಿಕೊಂಡು, "ಸರೀತೀಯೋ ಇಲ್ಲೋ?" ಎಂದು ಕೂಗಿದರು.

"ಬಳೀರಿ," ಅಂದರು ಪೇಂಟರು. "ಮೊದಲ ನನ್ನ ಮಾರಿಗೆ ಬಳೀರಿ."

ಸಾಹೇಬರು ಬಳಿದುಬಿಟ್ಟರು. ಹಣೆಯಿಂದ ಗದ್ದದವರೆಗೆ ಒಂದೇ ಎಳೆತ. ಪೇಂಟರು ಕಣ್ಣು ಮುಚ್ಚಿಕೊಂಡರು, ಕೈ ಎತ್ತಲಿಲ್ಲ, ಒರೆಸಿಕೊಳ್ಳಲಿಲ್ಲ, ಕಾಲು ಕದಲಿಸಲಿಲ್ಲ. ಅಧಿಕಾರಿ ಒಳಗೆ ಬಂದಾಗ ಕಂಡದ್ದು ಇದು. ಅವರ ಹಿಂದೆಯೇ ಕ್ಯಾರಿಯರಿನವನು, ಬಲಗಡೆಯ ತೋಳು ಮಡಚಿ ಪಿನ್ನು ಹಾಕಿದ ಅಂಗಿ.

"ಏನ್ರೀ ಇದು?" ಎಂದು ಅಧಿಕಾರಿ ಕೇಳಿದರು.

"ಈತನ ಮಾರಿಗೆ ಬಳಿಯೂದಿತ್ರಿ ಸಾಹೇಬ್ರ. ನಾ ಅಡ್ಡ ಬಂದೆ," ಎಂದು ಪೇಂಟರು ಮೊದಲ ಸಲ ಪಕ್ಕಕ್ಕೆ ಸರಿದರು.

ಅಧಿಕಾರಿ ಗೋಡೆ ನೋಡಿದರು, ಮನುಷ್ಯನನ್ನು ನೋಡಿದರು. ಇದು ಕಲ್ಪನೆಯಿಂದ ಬರೆದದ್ದೋ ಎಂದು ಕೇಳಿದರು.

"ಕಲ್ಪನಾ ನನಗ ಬರೂದಿಲ್ರಿ. ಬಂದಿದ್ರ ಸಾಹೇಬರ ಚಿತ್ರಾ ಬರದ ಸುಖಾ ಇರತಿದ್ದೆ. ಈತ ಕ್ಯಾರಿಯರ್ ಮ್ಯಾಲ ಕೆಲಸಾ ಮಾಡೂದನ್ನ ಎಂಟ ದಿನಾ ಕುಂತ ನೋಡಿ ಬರದೇನಿ."

ದೊಡ್ಡ ಸಾಹೇಬರು ನಕ್ಕರು. ದಿನಗೂಲಿ ಪೇಂಟರೊಬ್ಬನ ಚಿತ್ರಕ್ಕೆ ಏನು ಬೆಲೆ, ಹಾಜರಿ ಪುಸ್ತಕ ನೋಡಿ ಅಂದರು. ಪುಸ್ತಕ ತಂದೆ. ಮೇಜಿನ ಮೇಲೆ ಬಿಚ್ಚಿಟ್ಟೆ. ಅದು ನನ್ನ ಅಕ್ಷರವೇ, ಇದು ಸರಿಯಾದ ಪುಸ್ತಕವೇ ಎಂದು ಅಧಿಕಾರಿ ನನ್ನನ್ನು ಕೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದರಲ್ಲಿ ನಾನು ಪಳಗಿದವನು. ಅಂಥದೊಂದು ಉತ್ತರ ಮಾಡಿಕೊಂಡೇ ಬಂದಿದ್ದೆ. ಆದರೆ ಎದುರಿಗೆ ಆ ಸುಣ್ಣದ ಮುಖವಿತ್ತು. ಒಂದು ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಆರು ತಿಂಗಳಿಂದ ನನ್ನನ್ನು ನೋಡದಿದ್ದ ಕಣ್ಣು ಈಗ ನೆಟ್ಟಗೆ ನನ್ನನ್ನೇ ನೋಡುತ್ತಿತ್ತು.

"ಪುಸ್ತಕ ಸುಳ್ಳ ಐತ್ರಿ," ಅಂದೆ. "ಅಂವ ಆವತ್ತ ಪಾಳೀ ಮ್ಯಾಲ ಇದ್ದ. ಕುಡದಿರಲಿಲ್ಲ. ಹೆಸರ ತಗದಾಂವ ನಾನ."

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಅವನು ಕಾರ್ಖಾನೆಯ ಆಳು ಎಂದು ತೀರ್ಮಾನವಾಯಿತು. ನಾನು ಸಸ್ಪೆಂಡ್ ಆದೆ, ಮುಂದೆ ಬೇರೆ ಕಡೆ ಹೊಟ್ಟೆಪಾಡು ಹುಡುಕಿಕೊಂಡೆ. ಪೇಂಟರನ್ನು ಆ ವಾರವೇ ಹೊರಗೆ ಹಾಕಿದರು. ಇಡೀ ಗೋಡೆಗೆ ಸುಣ್ಣ ಬಿತ್ತು, ಹನ್ನೆರಡೂ ಜನರ ಮುಖ ಅದರಡಿ ಹೋಯಿತು. "ಗ್ವಾಡಿ ಅವರದು, ಬಳಕೊಳ್ಳಲಿ" ಎಂದು ಪೇಂಟರು ಅದನ್ನು ಮರೆತರು. ರಾಮದುರ್ಗಕ್ಕೆ ಹೋದರು. ಆ ಹೊತ್ತಿಗೆ ಫ್ಲೆಕ್ಸ್ ಬೋರ್ಡು ಬಂದು ಪೇಂಟರುಗಳ ಅನ್ನ ಕಿತ್ತುಕೊಂಡಿತ್ತು. ಆದರೂ ಕಲ್ಲಿನ ಕ್ರಷರುಗಳಿಗೆ ಹೋಗಿ, ಉಲ್ಟಾ ಬಕೆಟ್ಟಿನ ಮೇಲೆ ಕುಂತು, ಧೂಳು ಮೆತ್ತಿದ ಮುಖಗಳನ್ನು ತಗಡಿಗೆ ಇಳಿಸುವುದನ್ನು ಕಡೆಯವರೆಗೂ ಬಿಡಲಿಲ್ಲವಂತೆ.

ಆದರೆ ವಿಚಾರಣೆಯ ದಿನ ಅಲ್ಲಿಗೇ ಮುಗಿದಿರಲಿಲ್ಲ. ನಾನು ಹೊರಗೆ ಬಂದಾಗ ಪೇಂಟರು ಗೇಟಿನ ಹತ್ತಿರದ ನಳದಲ್ಲಿ ಮುಖ ತೊಳೆಯುತ್ತಿದ್ದರು. ಹೋಗಿ ಪಕ್ಕಕ್ಕೆ ನಿಂತೆ. ಸುಳ್ಳು ಯಾಕೆ ಹೇಳಲಿ, ಶಭಾಶ್ ಅನ್ನಿಸಿಕೊಳ್ಳಲೆಂದೇ ನಿಂತೆ. ನೌಕರಿ ಹೋಗುವುದು ಖಾತ್ರಿಯಾಗಿತ್ತು. ಅಷ್ಟಾದರೂ ನನಗೆ ಬರಬೇಕಿತ್ತು ಅನ್ನಿಸಿತ್ತು.

"ಚೊಲೋ ಮಾಡಿದ್ರಿ ಬಾಬೂರ," ಅಂದರು, ನಳ ಬಂದ್ ಮಾಡುತ್ತ. ನನಗೆ ಎದೆ ತುಂಬಿ ಬಂತು.

"ಆದ್ರ ಆರ ತಿಂಗಳಾ ಅಂವ ಊರಾಗ ಕುಡಕ ಅನಿಸ್ಕೊಂಡ. ಅವನ ಮಕ್ಕಳು ಸಾಲ್ಯಾಗ ಕುಡಕನ ಮಕ್ಕಳು ಅನಿಸ್ಕೊಂಡ್ವು. ನಿಮಗ ಮೊದಲನೇ ದಿನಾನೂ ಇದ ಬಾಯಿ ಇತ್ತಲ್ರಿ?"

ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕ್ಯಾರಿಯರಿನವನನ್ನು ಸವದತ್ತಿಯ ಬಸ್ಸಿಗೆ ಹತ್ತಿಸಲು ಅವನ ಎಡಗೈ ಹಿಡಿದುಕೊಂಡು ನಡೆದರು.